ಗಂಟೆ ಕೇಳದ ಬೆರಳು

ಕಿವಿ ಕೇಳುವುದಿಲ್ಲವೆಂದು ಜೋಹರಾಬಿಯನ್ನು ಸಂಘದವರು ಕೆಲಸದಿಂದ ತೆಗೆದರು. ಅವಳ ಕುರ್ಚಿಗೆ ಅರ್ಧ ಸಂಬಳದ ಮೇಲೆ ದುರುಗಮ್ಮನನ್ನು ತಂದು ಕೂರಿಸಿದರು.

ಆ ಕುರ್ಚಿಯಲ್ಲಿ ಕೂತು ದುರುಗಮ್ಮ ಈಗ ಇನ್ನೊಂದು ಹಾಳೆಯನ್ನು ಟೈಪ್ ಯಂತ್ರದಿಂದ ಎಳೆದು ಮುದ್ದೆ ಮಾಡುತ್ತಿದ್ದಳು. ಹಾಳೆಗಳ ನಡುವಿನ ಕಾರ್ಬನ್ನು ಬೆರಳಿಗೆಲ್ಲ ಮೆತ್ತಿಕೊಂಡು, ಬೆವರು ಒರೆಸಿಕೊಂಡ ಹಣೆಯ ಮೇಲೂ ಕಪ್ಪು ಎಳೆದಿತ್ತು. ಹಗರಿದಂಡೆ ಶೇಂಗಾ ಬೆಳೆಗಾರರ ಸಂಘದ ಬರುವ ಸಾಲಿನ ಆಯವ್ಯಯ ತಖ್ತೆ ಅದು. ಎಡಕ್ಕೆ ಉದ್ದಕ್ಕೂ ಬಾಬುಗಳು: ಗೋಣಿಚೀಲ, ಹಮಾಲಿ, ಲಾರಿ ಬಾಡಿಗೆ, ಗೋದಾಮಿಗೆ ಸುಣ್ಣ. ಬಲಕ್ಕೆ ಕೊಟ್ಟೂರಿನದು ಒಂದು ಅಂಕಣ, ಕೂಡ್ಲಿಗಿಯದು ಒಂದು, ಹಡಗಲಿಯದು ಒಂದು, ಹರಪನಹಳ್ಳಿಯದು ಒಂದು, ಕೊನೆಗೆ ಒಟ್ಟು. ಹಾಳೆ ಎಷ್ಟು ಅಗಲವೆಂದರೆ ಅದಕ್ಕೆಂದೇ, ಹಾಳೆ ಹೊತ್ತು ಸರಿಯುವ ಗಾಡಿ ಉದ್ದವಿರುವ ಯಂತ್ರ ತರಿಸಿದ್ದರು. ಆ ಗಾಡಿ ಎಡದಿಂದ ಬಲಕ್ಕೆ ಸರಿದರೆ ಪಕ್ಕದ ಬೀರುವಿಗೆ ತಾಗುವಂತಿತ್ತು.

ಟೈಪಿಂಗ್ ಕಲಿತ ಕಡೆ ದುರುಗಮ್ಮನಿಗೆ ಅರ್ಜಿ ಗೊತ್ತು, ಕಾಗದ ಗೊತ್ತು, ಜ್ಞಾಪನ ಗೊತ್ತು. ಸಾಲು ಮುಗಿಯುವ ಮೊದಲು ಯಂತ್ರದ ಗಂಟೆ ‘ಟಿಣ್’ ಎನ್ನುತ್ತದೆ. ಅಂದ ಕೂಡಲೇ ಕೈ ಗಾಡಿಯನ್ನು ತಳ್ಳಬೇಕು. ತಡ ಮಾಡಿದವರ ಗೆಣ್ಣಿಗೆ ಮೇಷ್ಟ್ರು ಫೂಟ್‌ಪಟ್ಟಿಯಲ್ಲಿ ಬಡಿಯುತ್ತಿದ್ದರು. ಹಾಗೆ ಪಳಗಿದ ಕೈ ಈಗ ಅವಳ ಮಾತು ಕೇಳುತ್ತಿರಲಿಲ್ಲ. ತುಟಿ ಅಲುಗಿಸಿಕೊಂಡು ಖಾಲಿ ಜಾಗ ಎಣಿಸುತ್ತ, ಅಂಕಣ ದಾಟಿ ದಾಟಿ, ಕೊನೆಯ ಒಟ್ಟಿಗೆ ಬಂದು ಲಕ್ಷದ ಅಂಕಿ ಶುರು ಮಾಡುವಷ್ಟರಲ್ಲಿ ಟಿಣ್! ಕೈ ತಳ್ಳಿಯೇ ಬಿಡುತ್ತಿತ್ತು. ಲಕ್ಷದ ಒಂದು ತುಂಡು ಮೇಲಿನ ಸಾಲಿನಲ್ಲಿ, ಇನ್ನೊಂದು ತುಂಡು ಕೆಳಗೆ ಹಮಾಲಿಯ ಜಾಗದಲ್ಲಿ.

"ಏನವಾ, ಇವತ್ತರ ಒಂದು ಹಾಳಿ ಹೊರಗ ಬಂತೋ, ಇಲ್ಲೋ?" ಕಾರ್ಯದರ್ಶಿ ಉಜ್ಜಿನಪ್ಪನವರು ಒಳಕೋಣೆಯಿಂದಲೇ ಕೂಗಿದರು. "ಸೋಮವಾರ ಮಹಾಸಭಾ. ತಖ್ತಿ ಆಗ್ಲಿಲ್ಲಂದ್ರ ಮಂಗಳವಾರ ನೀ ಬರಬ್ಯಾಡ, ಅಷ್ಟೇ. ನಮ್ಮ ತಂಗಿ ಮಗ ಮನಿಯಾಗ ಖಾಲಿ ಕುಂತಾನ."

ಜವಾನ ಗಾದಿಲಿಂಗಪ್ಪ ಹೊಸ ಹಾಳೆಗಳ ಕಟ್ಟನ್ನು ತಂದು ಮೇಜಿನ ಅಂಚಿಗೆ ಇಟ್ಟ. ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಅವಳು ಬಂದ ದಿನದಿಂದ ಅವನು ಯಾವುದನ್ನೂ ಅವಳ ಕೈಗೆ ಕೊಟ್ಟವನಲ್ಲ.

"ಜೋಹರಾಬಿ ಇದನ್ನ ಮಧ್ಯಾಹ್ನದೊಳಗ ಮುಗಿಸಿ ಎಲಿ ಅಡಿಕಿ ಹಾಕ್ಕೊಂಡು ಕುಂತಿರ್ತಿದ್ಲು," ಅಂದ.

"ಹೆಂಗ ಮಾಡ್ತಿದ್ರು ಅಣ್ಣಾ?"

"ನಾ ಏನು ಬಲ್ಲೆ? ಗಾಡಿ ಕುದುರಿ ಹಾರಿದಂಗ ಹಾರತಿತ್ತು. ಕೇಳಬೇಕಂದ್ರ ಹೋಗಿ ಆಕೀನ ಕೇಳು. ಬಸ್‌ಸ್ಟ್ಯಾಂಡ್ ಹಿಂದ, ಆಕಿ ಗಂಡ ಖಾಜಾಸಾಬ್‌ನ ರಿಪೇರಿ ಅಂಗಡಿ. ಹೊಡದು ಕಳಸ್ತಾಳ ನೋಡು."

ಹೊಡೆದು ಕಳಿಸಿದರೂ ಹೋಗುವುದೇ ಎಂದು ಶನಿವಾರ ಮಧ್ಯಾಹ್ನ ದುರುಗಮ್ಮ ಹೊರಟಳು. ಹೋಗದಿದ್ದರೆ ಉಳಿಯುವುದು ಹಂಪಸಾಗರದ ಬಸ್ಸು, ಊರಾಚೆಯ ಮನೆ, ಅವ್ವ ಕೆಂಚಕ್ಕನ ಪಕ್ಕದಲ್ಲಿ ಕೂತು ಕೂಲಿಗೆ ಶೇಂಗಾ ಸುಲಿಯುವುದು. ಸುಲಿದು ಸುಲಿದು ಅವ್ವನ ಹೆಬ್ಬೆರಳಿನ ಉಗುರು ಯಾವತ್ತೋ ಉದುರಿ, ಮತ್ತೆ ಬರಲೇ ಇಲ್ಲ.

ಅಂಗಡಿಯೆಂದರೆ ಮನೆಯ ಮುಂದಿನ ತಗಡಿನ ಇಳಿಜಾರು. ಹೊಲಿಗೆ ಯಂತ್ರ, ಸ್ಟೋವು, ಹಲ್ಲು ಕಿತ್ತ ಬಾಯಂತಿದ್ದ ಒಂದು ಟೈಪ್ ಯಂತ್ರದ ನಡುವೆ ಖಾಜಾಸಾಬ್ ಸ್ಕ್ರೂ ಹುಡುಕುತ್ತ ಕೂತಿದ್ದ. ಒಳಗಿನಿಂದ ಬಂದ ಜೋಹರಾಬಿ ಹೊಸ್ತಿಲಲ್ಲಿ ನಿಂತಳು. ಎತ್ತರದ ಹೆಂಗಸು. ದುರುಗಮ್ಮ ತಲೆ ತಗ್ಗಿಸಿ, ತನ್ನ ಕಾಲಬೆರಳಿಗೆ ಹೇಳುವಂತೆ ಬಂದ ಕಾರಣ ಹೇಳಿದಳು.

"ನೆಲದ ಕೂಡ ಮಾತಾಡ್ತೀಯೇನು?" ಜೋಹರಾಬಿಯ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. "ಮಕ ಎತ್ತು. ನಾ ಕೇಳೋದು ಕಣ್ಣಾಗ. ತುಟಿ ಕಾಣದಿದ್ರ ನನಗೇನು ತಿಳೀತೈತಿ?"

ದುರುಗಮ್ಮ ಮುಖ ಎತ್ತಿದಳು. ಇನ್ನೊಮ್ಮೆ ಹೇಳಿದಳು.

"ನನ್ನ ಕುರ್ಚಿ ಮ್ಯಾಲೆ ಕುಂತಾಕಿ ನೀನಾ?"

"ಹೂಂ ರೀ."

ಜೋಹರಾಬಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಹಣೆಯ ಮೇಲಿನ ಕಾರ್ಬನ್ ಗೆರೆಯ ಬಳಿ ಕಣ್ಣು ನಿಂತಿತು.

"ಅದರ ಹಿಂದಿನ ಎಡಗಾಲು ಕುಂಟತೈತಿ. ಕಾಗದ ಮಡಚಿ ಇಟ್ಟೀಯೇನು?"

"ಇಲ್ರೀ."

"ಅದಕ್ಕ. ಕುಂತದ್ದೇ ನೆಟ್ಟಗಿಲ್ಲ, ಸಾಲು ಹೆಂಗ ನೆಟ್ಟಗಾಗ್ತಾವು? ಬಾ ಒಳಗ."

ಖಾಜಾಸಾಬ್ ಸ್ಕ್ರೂ ಕೈಯಲ್ಲಿ ಹಿಡಿದೇ ಕೇಳಿದ, "ಅರೇ, ಅನ್ನ ಕಸಗೊಂಡಾಕೀಗೆ ಪಾಠಾನೂ ಹೇಳ್ತೀಯೇನು?" ಅವಳು ಅವನ ಕಡೆ ನೋಡಲಿಲ್ಲ, ನೋಡದಿದ್ದರೆ ಅವಳಿಗೆ ಕೇಳಿಸುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ರಿಬ್ಬನ್ ಇಲ್ಲದ ಒಂದು ಯಂತ್ರ ಒಳಗೆ ಮಂಚದ ಮೇಲಿತ್ತು. ಅದಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆ ಸಿಕ್ಕಿಸಿ ಜೋಹರಾಬಿ ಅಂದಳು, "ಹೊಡಿ. ನಿನ್ನ ರೋಗ ಏನಂತ ನೋಡ್ತೀನಿ."

ದುರುಗಮ್ಮ ಹೊಡೆದಳು. ಸಾಲಿನ ತುದಿಗೆ ಟಿಣ್ ಎಂದಿತು, ಕೈ ಗಾಡಿ ತಳ್ಳಿತು. ಜೋಹರಾಬಿ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ಅವಳ ಭುಜ ಕುಣಿಯುತ್ತಿತ್ತು.

"ಗಂಟಿ ಬಡೀತೇನು?"

"ಬಡೀತ್ರೀ."

"ಬಡದ ಕೂಡ್ಲೆ ನಿನ್ನ ಕೈ ಓಡಿತು. ನನಗ ಅದು ಕೇಳ್ಸಲ್ಲ, ಬೇಟಿ. ಅದಕ್ಕ ನನ್ನ ಕೈ ಓಡಲ್ಲ. ಬಲಗಡೆ ಈ ಮಾರ್ಜಿನ್ನು ಐತಲ್ಲ, ಇದನ್ನ ತುದೀಗೆ ತಳ್ಳಿಬಿಡು. ಗಂಟಿ ಸತ್ತು ಹೋಗತೈತಿ. ಇನ್ನ ಎಣಸೋದು ಬಿಡು. ಗೂಟ ಹೊಡಿಯೋದು ಕಲಿ."

ಯಂತ್ರದ ಬೆನ್ನಿಗೆ ಬಾಚಣಿಗೆಯಂಥ ಹಲ್ಲುಗಳಿದ್ದವು. ಒಂದೊಂದು ಅಂಕಣ ಶುರುವಾಗುವ ಕಡೆ ಅಲ್ಲೊಂದು ತಡೆ ನಿಲ್ಲಿಸಿದರೆ, ಆಮೇಲೆ ಒಂದು ಕೀಲಿ ಒತ್ತಿದರೆ ಸಾಕು, ಗಾಡಿ ನೆಗೆದು ನೇರ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಜೋಹರಾಬಿ ಅದಕ್ಕೆ ಗೂಟ ಅನ್ನುತ್ತಿದ್ದಳು. ಕೊಟ್ಟೂರಿಗೊಂದು ಗೂಟ, ಕೂಡ್ಲಿಗಿಗೊಂದು, ಹಡಗಲಿಗೊಂದು.

"ಗೂಟ ಲಕ್ಷದ ಮನೀಗೇ ಹೊಡಿಬೇಕು. ಅಂಕಿ ಸಣ್ಣದಿದ್ರ ಖಾಲಿ ಮನಿ ದಾಟಾಕ ಹೆಬ್ಬೆಳ್ಳು ಐತಿ, ಅದಕ್ಕ ಮತ್ತೇನು ಕೆಲಸ? ಬಾಬು ಖಾಲಿ ಇದ್ರ ಒಂದು ಗೀಟು ಹೊಡದು ಜಿಗದುಬಿಡು. ಕಣ್ಣು ಅವರು ಬರೆದುಕೊಟ್ಟ ಹಾಳಿ ಮ್ಯಾಲೇ ಇರಲಿ. ಕೀಲಿ ನೋಡಿದಿ ಅಂದ್ರ ನೋಡು ಮತ್ತ!"

ದುರುಗಮ್ಮನ ಕಿರುಬೆರಳು ಆ ಕೀಲಿಯನ್ನು ಹುಡುಕಿ ತಪ್ಪುತ್ತಲೇ ಇತ್ತು. ಜೋಹರಾಬಿ ಹಿಂದಿನಿಂದ ಬಗ್ಗಿ, ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಒಂದೊಂದೇ ಬೆರಳನ್ನು ಹಿಡಿದು ಅದರದರ ಜಾಗದಲ್ಲಿ ಕೂರಿಸಿದಳು. ದುರುಗಮ್ಮನ ಮೈ ಬಿಗಿಯಿತು. ಕೇರಿಯ ಹೊರಗಿನವರು ಅವಳ ಬೆರಳು ಹಿಡಿದದ್ದು ಆವರೆಗೆ ಇರಲಿಲ್ಲ. ಟೈಪಿಂಗ್ ಮೇಷ್ಟ್ರು ಕೂಡ ಮುಟ್ಟಿದ್ದು ಫೂಟ್‌ಪಟ್ಟಿಯಲ್ಲೇ.

"ಯಾಕ ಕಟ್ಟಿಗಿ ಆದಿ? ಬೆಳ್ಳು ಸಡಲು ಬಿಡು," ಅಂದಳು ಜೋಹರಾಬಿ.

ರಿಬ್ಬನ್ ಇಲ್ಲದ್ದರಿಂದ ಕಾಗದದ ಮೇಲೆ ಏನೂ ಮೂಡುತ್ತಿರಲಿಲ್ಲ. ಹಾಳೆ ತುಂಬಿದ ಮೇಲೆ ಜೋಹರಾಬಿ ಅದನ್ನು ಹೊರಳಿಸಿ, ಹಿಂಬದಿಗೆ ಒತ್ತಿ ಎದ್ದ ಗುರುತುಗಳ ಮೇಲೆ ಬೆರಳು ಆಡಿಸುತ್ತ ಕೆಳಗಿಳಿದಳು. ಮೊದಲ ಹಾಳೆಗೆ ತಲೆ ಅಲ್ಲಾಡಿಸಿದಳು. ಮುಂದಿನದಕ್ಕೂ ಅಷ್ಟೇ. ಬಿಸಿಲು ತಗಡಿನಿಂದ ಇಳಿಯುವ ಹೊತ್ತಿಗೆ ಒಂದು ಹಾಳೆಯ ಮೇಲೆ ಅವಳ ಬೆರಳು ಎಲ್ಲೂ ಎಡವದೆ ತುದಿ ಮುಟ್ಟಿತು.

"ಆತು ನೋಡು. ಬಾವಿ ಹಗ್ಗ ಇಳಿಬಿಟ್ಟಂಗೈತಿ," ಅಂದಳು.

ದುರುಗಮ್ಮ ಮುಖ ಎತ್ತಿ ಕೇಳಿದಳು, "ಅಕ್ಕಾರ, ನನ್ನ ಮ್ಯಾಲೆ ನಿಮಗ ಸಿಟ್ಟಿಲ್ಲೇನ್ರೀ?"

"ಐತಿ. ಯಾಕಿರಬಾರ್ದು?" ಜೋಹರಾಬಿ ಹಾಳೆಯನ್ನು ಮಡಚಿ ದಿಂಬಿನ ಕೆಳಗಿಟ್ಟಳು. "ಆದ್ರ ನೀ ಸೋತ್ರ ಆ ಕುರ್ಚೀಗೆ ಅವರ ತಂಗಿ ಮಗ ಬರ್ತಾನ. ಅವನಿಗಂತೂ ನಾ ಹೇಳಿಕೊಡಂಗಿಲ್ಲ. ಇದನ್ನೆಲ್ಲ ನಾನೇ ಹುಡುಕ್ಕೊಂಡಿದ್ದು, ಬೇಟಿ. ಯಾರೂ ಕಲಿಸಲಿಲ್ಲ. ಯಾರಿಗರ ಕೊಡಬೇಕಲ್ಲ."

ಭಾನುವಾರ ಸಂಘದ ಬಾಗಿಲು ತೆಗೆಸಿ ದುರುಗಮ್ಮ ಕೂತಳು. ಕುರ್ಚಿಯ ಕಾಲಿಗೆ ಕಾಗದ ಮಡಚಿಟ್ಟಳು, ಮಾರ್ಜಿನ್ನು ತುದಿಗೆ ತಳ್ಳಿದಳು, ಗೂಟ ಹೊಡೆದಳು. ಗಾಡಿ ನೆಗೆಯತೊಡಗಿತು. ಗಾದಿಲಿಂಗಪ್ಪ ಬಾಗಿಲಿಗೆ ಒರಗಿ ನೋಡುತ್ತ, "ಬಂತಲೇ ಕುದುರಿ!" ಎಂದ. ತಖ್ತೆ ಮುಗಿದಾಗ ಹಾಳೆಗಳನ್ನು ಜೋಡಿಸಿ ಹೊಲಿಯಲು ದಾರ ಬೇಕಾಯಿತು. ಅವನು ದಾರ ತಂದು ಮೇಜಿನ ಅಂಚಿಗೇ ಇಟ್ಟ. ಅಷ್ಟು ಬೇಗ ಏನೂ ಬದಲಾಗಲಿಲ್ಲ.

ಮಹಾಸಭೆಯಲ್ಲಿ ಅಧ್ಯಕ್ಷರು ತಖ್ತೆಯನ್ನು ಎತ್ತಿ ಹಿಡಿದು, ಅಚ್ಚು ಹಾಕಿಸಿದಂತಿದೆ ಎಂದರು. ಉಜ್ಜಿನಪ್ಪನವರು ಎದ್ದು ನಿಂತು ಕೈ ಮುಗಿದರು. ಸದಸ್ಯರಿಗೆ ಮಂಡಕ್ಕಿ ಮಿರ್ಚಿ ಹಂಚಿದರು. ದುರುಗಮ್ಮನಿಗೂ ಒಂದು ಪೊಟ್ಟಣ ಬಂತು. ಅವಳು ಅದನ್ನು ಬಿಚ್ಚದೆ ಬಸ್‌ಸ್ಟ್ಯಾಂಡ್ ಹಿಂದಕ್ಕೆ ಓಡಿದಳು.

ಅವಳ ಕೇರಿಗೆ ಉಪಕಾರವೇನು ಹೊಸದಲ್ಲ. ಗೌಡರು ಹಳೆಯ ಧೋತರ ಕೊಟ್ಟರೆ ಅಪ್ಪ ಸುಂಕಪ್ಪ ಒಂದು ವರ್ಷ ಆ ಮನೆಯ ಮುಂದೆ ಬಗ್ಗಿ ನಡೆಯುತ್ತಿದ್ದ. ಕೊಟ್ಟವರನ್ನು ನೆನೆಯುವುದೆಂದರೆ ಕುತ್ತಿಗೆ ಇಳಿಬಿಡುವುದೆಂದೇ ಅವಳು ತಿಳಿದು ಬೆಳೆದವಳು. ಈ ಹೆಂಗಸು ಮಾತ್ರ ಮುಖ ಎತ್ತದಿದ್ದರೆ ಕೇಳಿಸುವುದೇ ಇಲ್ಲ ಎಂದಿದ್ದಳು. ಮಿರ್ಚಿಯ ಎಣ್ಣೆ ಇಳಿಯುತ್ತಿದ್ದ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಓಡುತ್ತಿದ್ದ ದುರುಗಮ್ಮನಿಗೆ, ಇಷ್ಟು ದೊಡ್ಡದನ್ನು ಪಡೆದೂ ಮೈ ಹಗುರಾಗಿರುವುದೇ ಆಶ್ಚರ್ಯವಾಗಿತ್ತು.

ಜೋಹರಾಬಿ ಒಂದು ಮಿರ್ಚಿ ಮುರಿದು ಅರ್ಧ ಅವಳಿಗೇ ಕೊಟ್ಟಳು.

"ಒಂದು ಮಾತು ತಿಳಕೊಂಡಿರು. ಬಳ್ಳಾರಿ ಲೇಬರ್ ಆಫೀಸಿಗೆ ನಾ ಅರ್ಜಿ ಹಾಕೀನಿ. ಯಾಕ ತೆಗೆದ್ರಿ ಅಂತ ಸಂಘಕ್ಕ ಕಾಗದ ಬಂದೈತಂತ. ನಾ ಗೆದ್ರ ನೀ ಹೊರಗ ಬೀಳ್ತಿ."

"ಗೊತ್ತೈತ್ರೀ ಅಕ್ಕಾರ. ಗಾದಿಲಿಂಗಪ್ಪ ಹೇಳ್ಯಾನ."

"ಗೊತ್ತಿದ್ದೂ ಮಿರ್ಚಿ ತಂದಿ?" ಜೋಹರಾಬಿ ಗಂಡನ ಕಡೆ ತಿರುಗಿದಳು. "ನೋಡ್ರಿ ಈಕೀನ. ಬುದ್ಧಿ ಬೆಳ್ಳಾಗಷ್ಟೇ ಐತಿ, ತಲ್ಯಾಗಿಲ್ಲ."

ಖಾಜಾಸಾಬ್ ಮಿರ್ಚಿ ಜಗಿಯುತ್ತ, "ನಿನ್ನ ಶಿಷ್ಯೆ ಅಲ್ಲೇನು, ನಿನ್ನಂಗ ಅದಾಳ," ಅಂದ. ಮೂವರೂ ನಕ್ಕರು.

ಮಾರನೆಯ ದಿನ ಉಜ್ಜಿನಪ್ಪನವರು ತಾವೇ ಒಳಕೋಣೆಯಿಂದ ಎದ್ದು ಬಂದು ಅವಳ ಮೇಜಿನ ಎದುರು ನಿಂತರು. ಆ ದಿನ ‘ಏನವಾ’ ಇರಲಿಲ್ಲ.

"ದುರುಗಮ್ಮ, ಎರಡು ಕಾಗದ ಹೊಡಿಯೋದೈತಿ. ಒಂದು ನಿನ್ನ ಕಾಯಂ ಆರ್ಡರು. ಪೂರಾ ಸಂಬಳ. ನಿನ್ನ ಕೈಲೇ ಹೊಡಕೊ, ಇಲ್ಲೇ ನಿಂತು ಸಹಿ ಹಾಕ್ತೀನಿ. ಅದಕ್ಕೂ ಮೊದ್ಲು ಇದು. ಹಾಳಿ ಹಾಕು."

ಅವಳು ಹಾಳೆ ಹಾಕಿದಳು. ಅವರು ಕಣ್ಣು ಮುಚ್ಚಿ, ಬೆನ್ನ ಹಿಂದೆ ಕೈ ಕಟ್ಟಿ ಹೇಳತೊಡಗಿದರು.

"ಕಾರ್ಮಿಕ ಅಧಿಕಾರಿಗಳು, ಬಳ್ಳಾರಿ, ಇವರಿಗೆ. ಸದರಿ ಜೋಹರಾಬಿ ಎಂಬುವರು ಕಿವುಡರಾಗಿದ್ದು, ಟೈಪ್ ಯಂತ್ರದ ಗಂಟೆಯೂ ಕೇಳದ ಕಾರಣ ಪ್ರತಿ ವರ್ಷದ ಆಯವ್ಯಯ ತಖ್ತೆಯನ್ನು ತಪ್ಪು ತಪ್ಪಾಗಿ..."

ಯಂತ್ರದ ಸದ್ದಿಲ್ಲದ್ದನ್ನು ಗಮನಿಸಿ ಅವರು ಕಣ್ಣು ತೆರೆದರು. ಹಾಳೆಯ ಮೇಲೆ ‘ಇವರಿಗೆ’ ಎಂಬುದರ ಮುಂದೆ ಏನೂ ಇರಲಿಲ್ಲ.

"ಯಾಕ?"

"ಅದು ಸುಳ್ಳೈತ್ರೀ."

"ಸುಳ್ಳೋ ಖರೇನೋ ನಿನಗ್ಯಾಕ? ಸಹಿ ಹಾಕಾವ ನಾನು. ನಿನಗ ಬರೇ ಬೆಳ್ಳಿನ ಕೆಲಸ."

"ನಿನ್ನೆ ಅಧ್ಯಕ್ಷರು ಮೆಚ್ಚಿದ ತಖ್ತಿ ಅವರು ಕಲಿಸಿದ್ದಕ್ಕ ಆಗೈತ್ರೀ, ಸಾಹೇಬ್ರ. ಈ ಬೆಳ್ಳು ಹಿಡದು ಕಲಿಸ್ಯಾರ. ಇದೇ ಬೆಳ್ಳಿಲೆ ಅದನ್ನ ಹೊಡಿ ಅಂತೀರಿ. ನಾ ಹೊಡಿಯಂಗಿಲ್ಲ."

"ಕಾಯಂ ಆರ್ಡರೂ ಬ್ಯಾಡನು?"

ದುರುಗಮ್ಮನಿಗೆ ಅವ್ವನ ಹೆಬ್ಬೆರಳು ಕಣ್ಣ ಮುಂದೆ ಬಂತು.

"ಇದನ್ನ ಹೊಡದ್ರಷ್ಟೇ ಅದು ಅನ್ನಂಗಿದ್ರ, ಬ್ಯಾಡ್ರೀ."

"ಏಳು ಹಂಗಾರ! ನನಗೇನು ಕೈ ಇಲ್ಲನು?"

ಅವಳು ಎದ್ದು ಗೋಡೆಯ ಬಳಿ ನಿಂತಳು. ಉಜ್ಜಿನಪ್ಪನವರು ಕುರ್ಚಿ ಎಳೆದು ಕೂತು, ತೋಳು ಮಡಚಿಕೊಂಡು, ತೋರುಬೆರಳೊಂದನ್ನು ನಿಗುರಿಸಿ ಯಂತ್ರದ ಮೇಲೆ ಬಗ್ಗಿದರು. ಬಹಳ ಹೊತ್ತಿನ ಮೇಲೆ ಒಂದು ಟಕ್. ಮತ್ತೆ ಬಹಳ ಹೊತ್ತು. ಬಾಗಿಲಲ್ಲಿದ್ದ ಗಾದಿಲಿಂಗಪ್ಪ ಬಾಯಿಯೊಳಗಿನ ಎಲೆ ಅಡಿಕೆಯನ್ನು ಜಗಿಯುವುದು ನಿಲ್ಲಿಸಿದ್ದ.

"ಇದರಾಗ ಜೋಹರಾಬಿಯ ‘ಜ’ ಎಲ್ಲೈತಿ?" ಅವರು ತಲೆ ಎತ್ತದೆ ಕೇಳಿದರು.

ಗಾದಿಲಿಂಗಪ್ಪ ದುರುಗಮ್ಮನ ಕಡೆ ನೋಡಿದ.

"ನಿನ್ನೇ ಕೇಳಿದ್ದು. ಬಂದು ತೋರ್ಸು."

"ತೋರ್ಸಂಗಿಲ್ರೀ," ಅಂದಳು ದುರುಗಮ್ಮ.

ಫ್ಯಾನಿನ ಗಾಳಿಗೆ ಯಂತ್ರದಲ್ಲಿದ್ದ ಹಾಳೆಯ ತುದಿ ಏಳುತ್ತ ಬೀಳುತ್ತ ಇತ್ತು. ಅವರ ಬೆರಳು ಕೀಲಿಗಳ ಮೇಲೆ ಗಾಳಿಯಲ್ಲೇ ನಿಂತಿತ್ತು.