ಎದುರು ಸುತ್ತು

ನೀರಿನ ವಾಸನೆ ಇವತ್ತು ಬೇರೆ, ಕೊಳೆತ ಎಲೆಯದಲ್ಲ, ಸೋಪಿನದು, ಮೇಲ್ಗಡೆ ಯಾರೋ ಕಾರು ತೊಳೆದಿರಬೇಕು, ನೊರೆ ಬಂದು ತೊರೆಯ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡು ಮುಂದೆ ಹೋಗಲಾರದೆ ಅಲ್ಲೇ ಗಿರಗಿರ ತಿರುಗುತ್ತಿದೆ, ತಿರುಗಲಿ, ಅವಳಿಗೇನು, ಅವಳೂ ತಿರುಗುವುದಕ್ಕೇ ಬರುವವಳು, ಸಂಜೆ ಹೊಲಿಗೆ ಅಂಗಡಿಯ ಬಾಗಿಲು ಎಳೆದು ಈ ಪಾರ್ಕಿನಲ್ಲಿ ನಾಲ್ಕು ಸುತ್ತು — ಇವತ್ತು ಮಾತ್ರ ಸುತ್ತುವುದಕ್ಕಲ್ಲ, ಕೇಳುವುದಕ್ಕೆ. ಒಂದೇ ಮಾತು. ಅಕ್ಕ, ಅಮ್ಮ ಕೊನೇಲಿ ನನ್ನನ್ನ ಕೇಳಿದ್ಲಾ. ಎಷ್ಟು ಸಣ್ಣ ಮಾತು, ಒಂದು ಗುಂಡಿ ಹೊಲಿಯುವಷ್ಟು ಹೊತ್ತೂ ಬೇಡ, ಆದರೆ ಇಷ್ಟು ವರ್ಷ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿದೆ, ನುಂಗಲೂ ಆಗದೆ ಉಗುಳಲೂ ಆಗದೆ, ಮತ್ತು ಉತ್ತರ ಗೊತ್ತಿರುವುದು ಅಕ್ಕನೊಬ್ಬಳಿಗೇ, ಕೊನೇ ಗಳಿಗೆಯಲ್ಲಿ ಆಸ್ಪತ್ರೆಯ ಕೋಣೆಯಲ್ಲಿ ಅಮ್ಮನ ಪಕ್ಕ ಇದ್ದವಳು ಅವಳೊಬ್ಬಳೇ. ನಿನ್ನೆ ಭಾವ ಅಂಗಡಿಗೆ ಬಂದಿದ್ದರು, ಅಕ್ಕನ ಸ್ವೆಟರ್ ಮೇಜಿನ ಮೇಲಿಟ್ಟರು, ಒಂದು ಗುಂಡಿಯೂ ಇಲ್ಲ, ಎಲ್ಲಾ ಅವಳೇ ಕಿತ್ತು ಹಾಕ್ತಾಳಮ್ಮ, ಕೂತ ಕಡೆ, ಗ್ಯಾಸ್ ಹಚ್ಚಿ ಮರೀತಾಳೆ, ಒಂದೊಂದು ದಿನ ನನ್ನನ್ನೇ ಪ್ಲಂಬರ್ ಅಂದ್ಕೊಂಡು ಸೋರೋ ನಲ್ಲಿ ತೋರಿಸ್ತಾಳೆ, ನಾನೂ ಬಗ್ಗಿ ನೋಡ್ತೀನಿ, ಏನ್ಮಾಡ್ಲಿ. ಇಬ್ಬರೂ ನಕ್ಕರು. ನಗು ಅರ್ಧಕ್ಕೇ ನಿಂತುಹೋಯಿತು. ಡಾಕ್ಟರು ಇನ್ನು ಇಳಿಜಾರೇ ಅಂದ್ರು, ನಿನಗೇನಾದ್ರೂ ಮಾತಾಡೋದಿದ್ರೆ ಈಗಲೇ ಆಡಿಬಿಡು, ನಾನು ಗೇಟಿನ ಹತ್ರ ಕೂತಿರ್ತೀನಿ, ಪಾರ್ಕಿನ ಸುತ್ತು ಮಾತ್ರ ಅವಳ ಕಾಲಿಗೆ ಮರೆತಿಲ್ಲ. ಭಾವ ಹೋದ ಮೇಲೆ ಇವಳು ಸ್ವೆಟರಿಗೆ ಗುಂಡಿ ಹೊಲಿದಳು, ದಾರ ಎರಡೆಳೆ ಹಾಕಿ ಗಟ್ಟಿಯಾಗಿ, ಮೂಗಿಗೆ ಹಿಡಿದು ನೋಡಿದಳು, ಅಕ್ಕನ ವಾಸನೆ ಹಾಗೇ ಇತ್ತು.

ಉಯ್ಯಾಲೆಯ ಕಬ್ಬಿಣ ಕಿರ್ ಎನ್ನುತ್ತದೆ, ಮಾಲಿ ಪೈಪು ಹಿಡಿದು ಗಿಡಕ್ಕಿಂತ ಹೆಚ್ಚು ದಾರಿಗೇ ನೀರು ಬಿಡುತ್ತಿದ್ದಾನೆ, ಏನಮ್ಮಾ ಇವತ್ತು ನಿಂತೇಬಿಟ್ರಿ, ಹೂಂ ಎಂದಳು, ಅವನಿಗೂ ಗೊತ್ತು, ಇಡೀ ಪಾರ್ಕಿಗೇ ಗೊತ್ತು ಈ ಅಕ್ಕತಂಗಿಯರ ನಾಟಕ. ಅಮ್ಮ ಹೋದ ಮೇಲೆ ಮೊದಲ ಸಲ ಇಲ್ಲಿ ಅಕ್ಕ ಮುಂದೆ ನಡೆಯುತ್ತಿದ್ದದ್ದು ಕಂಡು ಗಕ್ಕನೆ ಹಿಂದಕ್ಕೆ ತಿರುಗಿದಳು, ಅವಳ ಹಿಂದೆ ನಾನ್ಯಾಕೆ ಹೋಗಲಿ ಎಂದು, ಬುದ್ಧಿ ನೋಡಿ ಇವಳದು, ಹಿಂದೆ ಹೋಗಿದ್ದರೆ ಬೆನ್ನಷ್ಟೇ ಕಾಣುತ್ತಿತ್ತು, ತಿರುಗಿದ್ದಕ್ಕೆ ಪ್ರತಿ ಸುತ್ತಿಗೂ ಎರಡು ಸಲ ಮುಖವೇ ಎದುರಾಯಿತು, ಒಮ್ಮೆ ಉಯ್ಯಾಲೆಯ ಹತ್ತಿರ, ಒಮ್ಮೆ ತೊರೆಯ ಕಿರುಸೇತುವೆಯ ಮೇಲೆ, ದಿಕ್ಕು ಬದಲಿಸಿದವಳು ಸೋತಂತೆ ಎಂದು ಇಬ್ಬರೂ ಬದಲಿಸಲಿಲ್ಲ, ಹಠದಲ್ಲಿ ಒಬ್ಬಳಿಗಿಂತ ಒಬ್ಬಳು ಹೆಚ್ಚು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ. ಸೇತುವೆಯಲ್ಲಿ ಇಬ್ಬರಿಗೆ ಜಾಗವಿಲ್ಲ, ಅಕ್ಕನೇ ಪಕ್ಕಕ್ಕೆ ಸರಿದು ನೀರಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು, ಇವಳು ಅವಳ ಬೆನ್ನು ಸವರಿಕೊಂಡೇ ದಾಟುತ್ತಿದ್ದಳು, ಕೇಳು, ಈಗ ಕೇಳು ಎಂದು ಒಳಗೆ ಯಾರೋ ತಿವಿಯುತ್ತಿದ್ದರು, ಕೇಳಲಿಲ್ಲ. ಕೇಳಿದರೆ ಆ ದಿನದ ಮಾತನ್ನೂ ಎತ್ತಬೇಕಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು, ಇನ್ನೊಂದು ಬಸ್ಸು ಹತ್ತಿ, ಉಸಿರುಗಟ್ಟಿ ಓಡಿಬಂದು ಕೋಣೆಯ ಬಾಗಿಲು ತಳ್ಳಿದರೆ ಎಲ್ಲ ಮುಗಿದಿತ್ತು, ಹಾಸಿಗೆಯ ಕೊನೆಯಲ್ಲಿ ಅಮ್ಮನ ಎರಡು ಕಾಲು, ಒಂದಕ್ಕೆ ಬೂದು ಉಣ್ಣೆಯ ಕಾಲುಚೀಲ, ಇನ್ನೊಂದು ಬರಿಗಾಲು, ಅಕ್ಕ ಅಲ್ಲೇ ಬಗ್ಗಿ ನಿಂತಿದ್ದಳು, ಪಕ್ಕದಲ್ಲಿ ಬಾಯಿ ತೆರೆದ ಬ್ಯಾಗು, ಅಮ್ಮನ ಸಾಮಾನು ಅರ್ಧ ಹೊರಗೆ ಅರ್ಧ ಒಳಗೆ. ಅಷ್ಟು ಅವಸರಾನಾ ನಿನಗೆ, ನಾನು ಬರೋ ತನಕ ಕಾಯೋಕಾಗಲಿಲ್ವಾ, ಮೈ ಆರೋಕೆ ಮುಂಚೆ ಕಾಲುಚೀಲಾನೂ ಬಿಚ್ಚಿ ಗಂಟು ಕಟ್ತಾ ಇದೀಯಾ — ನರ್ಸು, ಭಾವ, ಪಕ್ಕದ ಕೋಣೆಯವರು, ಎಲ್ಲರೆದುರು, ಬಾಯಿಗೆ ಬಂದ ಹಾಗೆ. ಅಕ್ಕ ಒಂದು ಮಾತೂ ಆಡಲಿಲ್ಲ. ಮಾತಾಡದೆ ಇದ್ದದ್ದಕ್ಕೇ ತಪ್ಪು ಅವಳದೇ ಎಂದಾಯಿತು, ಇವಳು ಅಮ್ಮನನ್ನು ಮುಟ್ಟದೆ, ಬಂದ ಕಾಲಲ್ಲೇ ಹೊರಗೆ ಹೋದಳು. ಆಮೇಲೆ ಎಷ್ಟು ಬಟ್ಟೆ ಹೊಲಿದಳು, ಎಷ್ಟು ಅಂಚು ಮಡಿಸಿದಳು, ಕಣ್ಣು ಮುಚ್ಚಿದರೆ ಅದೇ, ಒಂದು ಬೂದು, ಒಂದು ಬರಿಗಾಲು.

ಅಗೋ ಬಂದಳು. ಎಷ್ಟು ಸಣ್ಣಗಾಗಿದ್ದಾಳೆ, ನೇರ ಬೈತಲೆ ತೆಗೆಯುತ್ತಿದ್ದ ಗಣಿತದ ಟೀಚರು ಇವಳೇನಾ, ಕೂದಲು ಒಂದು ಕಡೆ ನಿಂತೇ ಇದೆ, ಆದರೆ ಸ್ವೆಟರಿನ ಗುಂಡಿ ಎಲ್ಲ ಹಾಕಿದೆ, ಬೆಳಿಗ್ಗೆ ಬಂದು ಒಯ್ದಿದ್ದ ಭಾವ ಹಾಕಿ ಕಳಿಸಿದ್ದಾರೆ, ದೇವರೇ, ಇವತ್ತು ಅವಳು ಪಕ್ಕಕ್ಕೆ ಸರಿಯುವುದು ಬೇಡ, ನಾನೇ ಸರಿಯುತ್ತೇನೆ, ಸೋತೆ, ಆಯಿತು, ಸೋತೆ. ಸೇತುವೆಯ ನಡುವೆ ಅಕ್ಕ ನಿಂತಳು. ನೀರಿನ ಕಡೆ ತಿರುಗಲಿಲ್ಲ. ನಕ್ಕಳು — ಇಷ್ಟು ವರ್ಷದಲ್ಲಿ ಮೊದಲ ಸಲ, ಹಲ್ಲು ಕಾಣುವ ಹಾಗೆ, ಕ್ಷಮಿಸಿದಳು, ಎಲ್ಲ ಬಿಟ್ಟಳು, ಅಕ್ಕ ಅಂತ ಕರೆಯುವಷ್ಟರಲ್ಲಿ ಅವಳೇ ಹತ್ತಿರ ಬಂದು ದನಿ ತಗ್ಗಿಸಿದಳು. ನರ್ಸಮ್ಮ, ನೀವೇನಾದ್ರೂ ನೋಡಿದ್ರಾ, ಇನ್ನೊಂದು ಕಾಲುಚೀಲ? ಯಾವ ಕಾಲುಚೀಲ, ಅಕ್ಕ, ನಾನು, ನನ್ನ ಮುಖ ನೋಡು. ಬೂದು ಬಣ್ಣದ್ದು, ಬ್ಯಾಗೆಲ್ಲ ಸುರಿದು ಹುಡುಕಿದೆ, ಒಂದು ಹಾಕಿದೀನಿ, ಇನ್ನೊಂದು ಸಿಗ್ತಾ ಇಲ್ಲ, ಅಮ್ಮನ ಕಾಲು ತಣ್ಣಗಾಗಿಬಿಟ್ಟಿದೆ. ಇವಳು ಕೇಳಬೇಕಿದ್ದ ಮಾತು ಎಲ್ಲಿ, ನಿನ್ನೆಯಿಂದ ಉರು ಹೊಡೆದ ಒಂದೇ ಒಂದು ಮಾತು. ಅಮ್ಮ — ಅಮ್ಮ ತಂಗೀನ ಕೇಳಿದ್ರಾ? ಅಕ್ಕನಿಗೆ ಕೇಳಿಸಲಿಲ್ಲ, ಬಗ್ಗಿ ಸೇತುವೆಯ ಹಲಗೆಗಳ ಸಂದಿನಲ್ಲಿ ಬೆರಳಾಡಿಸುತ್ತಿದ್ದಾಳೆ, ನನ್ನ ತಂಗಿ ಬರ್ತಾ ಇದಾಳೆ ನರ್ಸಮ್ಮ, ಬಸ್ಸಲ್ಲಿದಾಳೆ ಪಾಪ, ಚಿಕ್ಕವಳಿಂದ ಅಮ್ಮನ ಕಾಲಿಗೆ ಕಾಲು ತಾಗಿಸದೆ ನಿದ್ದೆ ಮಾಡಿದವಳಲ್ಲ, ಬಂದವಳೇ ಕಾಲು ಮುಟ್ಟಿ ನೋಡ್ತಾಳೆ, ಇಷ್ಟು ತಣ್ಣಗಿದ್ರೆ ತಡ್ಕೊಳ್ಳಲ್ಲ ಅವಳು, ಅವಳು ಬರೋಷ್ಟರಲ್ಲಿ ಮುಚ್ಚಿಬಿಡ್ಬೇಕು, ಸ್ವಲ್ಪ ಹುಡುಕಿ ಕೊಡ್ರಮ್ಮ. ಬಿಚ್ಚುತ್ತಿರಲಿಲ್ಲ. ಹಾಕುತ್ತಿದ್ದಳು. ನನಗೋಸ್ಕರ. ಇವಳು ಮೊಣಕಾಲೂರಿ ಪಕ್ಕದಲ್ಲಿ ಕೂತಳು, ಹುಡುಕ್ತೀನಿ ಅಂದಳು, ಬೇರೇನು ಹೇಳುವುದು, ಒದ್ದೆ ಹಲಗೆಯ ಮೇಲೆ ಇಬ್ಬರ ಕೈಗಳೂ ತಡಕುತ್ತಿವೆ, ಕೆಳಗೆ ನೀರು, ಹಲಗೆ, ಸಂದು, ಮತ್ತೆ ಹಲಗೆ, ಅವತ್ತು ಮುಟ್ಟಿ ಬಂದಿದ್ದರೆ ಆಗುತ್ತಿತ್ತು, ಒಂದೇ ಒಂದು ಸಲ ಕೈ ಚಾಚಿದ್ದರೆ ಸಿಗುತ್ತಿತ್ತು, ಹಾಸಿಗೆಯ ಕೊನೆ, ಬಿಳಿ ಹೊದಿಕೆ, ಹಿಮ್ಮಡಿಯ ಒಡಕು, ಸ್ವಲ್ಪ ಮಡಿಸಿದ ಹೆಬ್ಬೆರಳು, ಬರಿಗಾಲು, ಅಮ್ಮನ ಬರಿಗಾಲು