ಒಂದೇ ನಿಮಿಷದ ಚೀಟಿಗಳು

ಹದಿನೇಳು ಎಂದು ಕೆಂಪು ಅಂಕಿ ಹೊಳೆಯಿತು, ಯಾರೂ ಏಳಲಿಲ್ಲ, ಹದಿನೇಳು ಯಾರ್ರೀ, ಕಿವಿ ಮನೇಲಿಟ್ಟು ಬಂದ್ರಾ, ನರ್ಸು ಕೂಗುತ್ತಾಳೆ, ಆಸ್ಪತ್ರೆಯ ಹಜಾರದಲ್ಲಿ ಸಾಲು ಗಮನಿಸುತ್ತ ಬೆಳಗಿನಿಂದ ಕೂತು ಇವಳ ಸೊಂಟ ಹಿಡಿದುಕೊಂಡಿದೆ, ತೊಡೆಯ ಮೇಲೆ ಲ್ಯಾಪ್‌ಟಾಪು, ಅದರೊಳಗೂ ಇದೇ ಹಜಾರ, ಇದೇ ಸಾಲು, ಅವಳೇ ಬರೆದ ಪ್ರೋಗ್ರಾಮಿನ ಸುಳ್ಳು ರೋಗಿಗಳು — ಬಾಗಿಲಿಗೆ ಅಂಟಿಕೊಂಡು ನಿಂತಿದ್ದ ಅಜ್ಜಿ ಎಂಟಕ್ಕೆ ಬಾಗಿಲು ತೆರೆದಾಗ ಎಲ್ಲರಿಗಿಂತ ಮೊದಲು ಒಳಹೊಕ್ಕಳು, ಮೊದಲು ತೋರಿಸಿಕೊಂಡಳು, ಹೋದಳು, ಲ್ಯಾಪ್‌ಟಾಪಿನ ಅಜ್ಜಿ ಮಾತ್ರ ಇನ್ನೂ ಕೂತಿದ್ದಾಳೆ, ಎಂಟಕ್ಕೇ ಬಂದ ಮೂವತ್ತೆಂಟು ಜನರಲ್ಲಿ ಮೂವತ್ತೊಂದನೆಯವಳಾಗಿ, ಯಾಕೆ ತಾಯಿ, ನಿನಗೆ ನಾನೇನು ಮಾಡಿದೆ — ಮೇಷ್ಟ್ರ ಡಬ್ಬಿಯಲ್ಲಿ ಹೀಗಾಗುತ್ತಿರಲಿಲ್ಲ. ಪಾಠ ಹೇಳಿದವರಲ್ಲ, ಆದರೂ ಇಡೀ ಆಫೀಸಿಗೆ ಅವರು ಮೇಷ್ಟ್ರು, ಆಸ್ಪತ್ರೆಯ ಸಾಲನ್ನು ಕಂಪ್ಯೂಟರಿಲ್ಲದೆ ಮೇಜಿನ ಮೇಲೇ ಆಡಿಸಿ ನೋಡುವವರು, ಬಿಸ್ಕತ್ತಿನ ಡಬ್ಬಿ ತುಂಬ ರಟ್ಟಿನ ಚೀಟಿಗಳು, ಒಂದೊಂದರಲ್ಲಿ ಒಂದು ಘಟನೆ, ಎಂಟು ಹತ್ತಕ್ಕೆ ರೋಗಿ ಬಂದ, ಎಂಟು ಹದಿನಾಲ್ಕಕ್ಕೆ ಡಾಕ್ಟರು ಬಿಡುವಾದರು, ಎಲ್ಲ ವೇಳೆಯ ಪ್ರಕಾರ, ಮುಂದಿನ ಚೀಟಿ ಎಳಿ, ಗಡಿಯಾರ ಅಲ್ಲಿಗೇ ನೆಗೆಯುತ್ತೆ, ನಡುವಿನ ನಿಮಿಷಗಳಲ್ಲಿ ನಮಗೇನು ಕೆಲಸ ಕಣಮ್ಮ, ಅವಳು ದಾಳ ಉರುಳಿಸಬೇಕು, ಆರು ಬಿದ್ದರೆ ಆರು ನಿಮಿಷದ ಮೇಲೆ ಹೊಸ ರೋಗಿ, ಸಾಲಾಗಿ ಬರೀ ಒಂದು ಬಿದ್ದರೆ ಮೇಷ್ಟ್ರು ತಲೆ ಹಿಡಿದುಕೊಳ್ಳುತ್ತಿದ್ದರು, ಊರಿಗೆಲ್ಲ ಜ್ವರ ಬರಿಸ್ತೀಯಲ್ಲ, ಕೈ ತೊಳ್ಕೊಂಡು ಬಾ ಹೋಗು, ಎಂಥ ಮಧ್ಯಾಹ್ನಗಳು ಅವು, ಕಿಟಕಿಯ ಬಿಸಿಲು, ಅಂಟಿನ ವಾಸನೆ, ಒಂದು ಮಧ್ಯಾಹ್ನದಲ್ಲಿ ಆಸ್ಪತ್ರೆಯ ಇಡೀ ವಾರ ಮುಗಿಸುತ್ತಿದ್ದರು, ಅಷ್ಟು ಸುಖವಾಗಿ ಅವಳು ಮತ್ತೆ ಎಲ್ಲೂ ಕೆಲಸ ಮಾಡಿಲ್ಲ.

ಆಮೇಲೆ ಅವಳು ಹೀಪ್ ತಂದಳು, ಕಂಪ್ಯೂಟರಿನೊಳಗಿನ ಚೀಟಿಗಳ ಗುಡ್ಡೆ, ಎಲ್ಲಕ್ಕಿಂತ ಬೇಗ ಆಗಬೇಕಾದ್ದು ಮಾತ್ರ ನೆತ್ತಿಯ ಮೇಲೆ, ಉಳಿದದ್ದು ಕೆಳಗೆ ಹೇಗೋ ಬಿದ್ದಿರಲಿ, ಲಕ್ಷ ಚೀಟಿ ಇದ್ದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ, ಮೇಷ್ಟ್ರು ಕೇಳಿದ್ದು ಒಂದೇ, ಒಂದೇ ನಿಮಿಷದ ಚೀಟಿ ಎರಡಿದ್ರೆ ಯಾವುದು ಮೊದಲು ಬರುತ್ತಮ್ಮಾ, ನಾನು ಹೊಸದನ್ನ ಹಳೇದರ ಹಿಂದಕ್ಕೆ ಇಡ್ತೀನಿ, ಯಾವುದು ಬಂದ್ರೇನು ಸಾರ್, ಅಂದಳು ಅವಳು, ನಿಮಿಷ ಒಂದೇ ಅಲ್ವಾ, ಡಬ್ಬಿಗೆ ಬಿಸ್ಕತ್ತು ತುಂಬಿಸಿ ಇನ್ನು — ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು, ಮುಚ್ಚಳ ಹಾಕಿದರು. ಅವರು ನಿವೃತ್ತರಾದ ದಿನ ನಾಲ್ಕಕ್ಕೆ ಬೀಳ್ಕೊಡುಗೆಯ ಚಹಾ, ಅದೇ ನಾಲ್ಕಕ್ಕೆ ದೊಡ್ಡವರ ಮುಂದೆ ಅವಳ ಹೀಪಿನ ಪ್ರದರ್ಶನ, ಐದೂವರೆಗೆ ಓಡಿ ಬಂದರೆ ಕೋಣೆ ಖಾಲಿ, ಮೇಜಿನ ಮೇಲೆ ಚಹಾದ ಒಂದು ಕಪ್ಪು, ಮೇಲೆ ಬಸಿ, ಅದರದೇ ತಟ್ಟೆ, ಮುಚ್ಚಿತ್ತು, ಮೇಷ್ಟ್ರು ಕುಡಿಯದೇ ಬಿಟ್ಟುಹೋದದ್ದು ಅಂದುಕೊಂಡಳು, ಹತ್ತು ವರ್ಷ, ಒಂದು ಫೋನೂ ಮಾಡಲಿಲ್ಲ ಅವಳು, ನಾಚಿಕೆ, ಆಮೇಲೆ ನಾಚಿಕೆಗೇ ನಾಚಿಕೆ. ಬಸಿ ಮುಚ್ಚಿದ ಕಪ್ಪು.

ಮೂವತ್ತೊಂದು — ಅಯ್ಯೋ, ಅಷ್ಟೇ, ಮೂವತ್ತೆಂಟು ಜನಕ್ಕೂ ಎಂಟೇ ಗಂಟೆ, ಅವರಲ್ಲಿ ಯಾರು ಮೊದಲು ಬಂದರೆಂದು ಹೀಪಿಗೆ ಅವಳು ಹೇಳಿಯೇ ಇಲ್ಲ, ಸಿಕ್ಕವರನ್ನು ಸಿಕ್ಕ ಹಾಗೆ ಎತ್ತಿ ಕೊಡುತ್ತಿದೆ, ಸರಾಸರಿ ಕಾಯುವಿಕೆ ಸರಿಯಾಗಿಯೇ ಬರುತ್ತಿತ್ತು, ಅದಕ್ಕೇ ಹತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ, ಚೀಟಿಗೊಂದು ಬಂದ ಕ್ರಮದ ಅಂಕಿ ಸೇರಿಸಿದರೆ ಮುಗಿಯಿತು, ಪ್ರೋಗ್ರಾಮಿನಲ್ಲಿ ಒಂದೇ ಸಾಲು, ಸೇರಿಸಿದಳು, ಅಜ್ಜಿ ಮೊದಲನೆಯವಳಾದಳು, ಇದನ್ನು ಹೇಳಬೇಕಾದವರು ಲೋಕದಲ್ಲಿ ಒಬ್ಬರೇ, ಫೋನು ಎತ್ತುತ್ತಾರೋ ಇಲ್ಲವೋ, ಇದ್ದಾರೋ ಇಲ್ಲವೋ, ಹಳೇ ನಂಬರು ಒತ್ತಿದಳು, ರಿಂಗಾಗುತ್ತಿದೆ, ಹಲೋ, ಸಾರ್ ನಾನು, ದಾಳದವಳು, ನೀವು ಕೇಳಿದ್ರಲ್ಲ, ಒಂದೇ ನಿಮಿಷದ ಚೀಟಿ, ನೀವು ಹೇಳಿದ್ದೇ ಸರಿ ಸಾರ್, ಹೊಸದು ಹಿಂದಕ್ಕೇ ಹೋಗಬೇಕು, ಆ ಕಡೆ ಅದೇ ದನಿ, ಸ್ವಲ್ಪ ಸವೆದಿದೆ, ಗೊತ್ತಾಯ್ತಾ, ಸಂತೋಷ ಕಣಮ್ಮ, ಅವತ್ತು ನಾಲ್ಕಕ್ಕೆ ನಿನ್ನನ್ನ ಇಬ್ಬರು ಕರೆದಿದ್ರು, ಮೊದಲು ಕರೆದವನು ನಾನು, ನಿನ್ನ ಚಹಾ ಆರಿಹೋಗುತ್ತೆ ಅಂತ ಮುಚ್ಚಿಟ್ಟೆ — ನಿನ್ನ ಚಹಾ, ಅವರದಲ್ಲ, ಅವಳದು, ಹತ್ತೊಂಬತ್ತು ಯಾರ್ರೀ, ಅವಳ ಕಪ್ಪು, ಅದರ ಮೇಲೆ ಬಸಿ, ಬಸಿ ಮುಚ್ಚಿದ ಅವಳ ಕಪ್ಪು