ದಾಕಿನ ಸುದ್ದಿ ಬರೆದ ಜಂಬುಲಿಂಗಪ್ಪನವರು

ಚಳ್ಳಕೆರೆಯ ಜಂಬುಲಿಂಗಪ್ಪನವರಿಗೆ ನಡೆಯುತ್ತ ಮಾತಾಡುವುದು ಬಾರದು. ಮಾತು ಬಾಯಿಗೆ ಬಂತೆಂದರೆ ಕಾಲು ನಿಂತಿತೆಂದೇ ಅರ್ಥ. ಅವರೊಡನೆ ತಳಕು ಗ್ರಾಮಕ್ಕೆ ಹೊರಟರೆ, ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದರೂ ದಾರಿಯ ನಡುವೆ ಗಕ್ಕನೆ ನಿಂತು, ಎದುರಿನವನ ಮುಖವನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತ, ವಾಕ್ಯವನ್ನು ಆದ್ಯಂತವಾಗಿ ಮುಗಿಸಿ, ಆಮೇಲೆಯೇ ಮುಂದಿನ ಹೆಜ್ಜೆ ಇಡುವರು. ನಾನೋ ಸ್ವಭಾವತಃ ಅವಸರದವನು. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದಾಕು ಹಾಕುವ ಸರ್ಕಾರಿ ನೌಕರಿ ನನ್ನದು. ರೋಗಕ್ಕಿಂತ ಮುಂಚೆ ಊರು ಸೇರಬೇಕಾದವನು. ಅವರ ಜೊತೆ ನಡೆದು ನನ್ನ ತಲೆ ಚಿಟ್ಟು ಹಿಡಿದದ್ದು ಎಷ್ಟು ಸಲವೋ.

ಬೇಸಗೆಯಲ್ಲೂ ಅವರ ಮೈಮೇಲೊಂದು ಕರಿಯ ಕೋಟು. ಅದು ತೀರಿಹೋದ ಮಾವನವರದು. ಮಾವ ಸ್ಥೂಲಕಾಯರು, ಅಳಿಯ ಕೃಶಾಂಗ. ಆದ್ದರಿಂದ ಕೋಟಿನೊಳಗೆ ಇನ್ನೊಬ್ಬರಿಗೆ ಧಾರಾಳವಾಗಿ ಜಾಗವಿತ್ತು. ಅವರು ಕೋಟು ತೊಟ್ಟು ಹೊಸಿಲು ದಾಟುವಾಗ ಮಡದಿ ವೀರಮ್ಮ, “ನಮ್ಮಪ್ಪನ್ನೂ ಕರ್ಕಂಡು ಹೊಂಟ್ರಾ?” ಎಂದು ನಗುತ್ತಿದ್ದರು. ಜಂಬುಲಿಂಗಪ್ಪನವರು ನಿಂತು, “ಹೂಂ, ಬರ್ತೀನಿ ಅಂದ್ರು,” ಎಂದು ಉತ್ತರಿಸಿಯೇ ಹೊರಡುತ್ತಿದ್ದರು.

ಕಂಬಳಿ ವ್ಯಾಪಾರ ಅವರ ಮನೆತನದ ಕಸುಬು. ಬಾತ್ಮೀದಾರಿಕೆ ಅವರ ಪ್ರಾಣ. ಮೈಸೂರಿನಿಂದ ಹೊರಡುತ್ತಿದ್ದ ಒಂದು ವಾರಪತ್ರಿಕೆಗೆ ಈ ಸೀಮೆಯ ಸುದ್ದಿ ಬರೆದು ಕಳಿಸುವರು. ಅದು ಅಚ್ಚಾಗಿ ಬಂದಾಗ ಸಂತೆಯ ದಿನ ತಮ್ಮ ಅಂಗಡಿಯ ಕಂಬಳಿ ರಾಶಿಯ ಮೇಲೆ ಕುಳಿತು ಗಟ್ಟಿಯಾಗಿ ಓದುವರು. ಮೊಳಕಾಲ್ಮುರಿನ ಕಡೆಯಿಂದ ಬಂದವರಿಗಾಗಿ ಮತ್ತೊಮ್ಮೆ ತೆಲುಗಿನಲ್ಲಿ ಹೇಳುವರು. ಅಕ್ಷರವಿಲ್ಲದ ಜನಕ್ಕೆ ಅವರ ಕಂಠವೇ ಪತ್ರಿಕೆ.

ಯಾರೇ ಸುದ್ದಿ ತರಲಿ, ಅವರದು ಒಂದೇ ಪ್ರಶ್ನೆ: “ಕಂಡೋರ್ಯಾರು?” ಊರಿನ ಒಬ್ಬ ಶ್ರೀಮಂತರು ತಾವು ಬಡವರಿಗೆ ಕಾಳು ಹಂಚಿದ್ದನ್ನು ಬರೆಯಿರೆಂದು ಹೇಳಿಕಳಿಸಿದಾಗಲೂ ಇದನ್ನೇ ಕೇಳಿದರು. ಕಂಡವರು ಸಿಗಲಿಲ್ಲ, ಸುದ್ದಿಯೂ ಹೋಗಲಿಲ್ಲ. ಆ ಶ್ರೀಮಂತರು ಮುಂದೆ ಅವರ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಆಗ ಹಳೆಯ ಪದ್ಧತಿ ಹೋಗಿ ಹೊಸ ದಾಕು ಬಂದಿತ್ತು. ಮೊದಲು ಒಂದು ಮಗುವಿನ ತೋಳಿನ ರಸವನ್ನು ಇನ್ನೊಂದಕ್ಕೆ ಹಾಕುತ್ತಿದ್ದೆವು. ಯಾರ ಮೈಯದೋ ಏನೋ ಎಂದು ಜನ ಮೂಗು ಮುರಿಯುತ್ತಿದ್ದರು. ಹೊಸದು ಕರುವಿನ ಮೈಯಿಂದ ತೆಗೆದದ್ದು. ಇದನ್ನು ನಾಲ್ಕು ಜನಕ್ಕೆ ತಿಳಿಸಿರೆಂದು ನಾನು ಕೇಳಿಕೊಂಡೆ. ಜಂಬುಲಿಂಗಪ್ಪನವರು ಸರ್ಕಾರದ ಪ್ರಕಟಣೆ ತರಿಸಿ ನೋಡಿ, ಬರೆದು, ಸಂತೆಯಲ್ಲಿ ಓದಿದರು. ಗೋವಿನದಾದರೆ ಮೈಲಿಗೆಯಿಲ್ಲವೆಂದು ಪೇಟೆಯ ಶೈವ ಮನೆಗಳು ಒಲಿದುಬಿಟ್ಟವು. ಅನ್ನಪೂರ್ಣಮ್ಮ ಎಂಬ ಹಿರಿಯಾಕೆ ಮೊಮ್ಮಕ್ಕಳ ದಂಡನ್ನೇ ಕರೆತಂದು ದಾಕು ಹಾಕಿಸಿ, ನನಗೆ ಹೋಳಿಗೆ ಬಡಿಸಿದರು. ನಾನು ಉಬ್ಬಿಹೋದೆ.

ಆ ಉಬ್ಬು ಇಳಿದದ್ದು ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಒಂದು ಹಟ್ಟಿಯಲ್ಲಿ. ಅಲ್ಲಿಯವರು ದೇವರ ಹೆಸರಿನಲ್ಲಿ ದನಗಳನ್ನು ಬಿಟ್ಟು ಪೂಜಿಸುವವರು. ಆ ದನಗಳಿಗೆ ನೊಗ ಹೂಡರು, ಬಾರುಕೋಲು ತೋರಿಸರು. ಅವುಗಳನ್ನು ಕಾಯುವ ಕಿಲಾರಿ ಕಾಟಪ್ಪನ ಮಾತೇ ಹಟ್ಟಿಗೆ ಕಟ್ಟಳೆ. ಆತನೂ ಸಂತೆಯಲ್ಲಿ ಆ ಸುದ್ದಿ ಕೇಳಿದ್ದ. ನನ್ನ ಪೆಟ್ಟಿಗೆ ಕಂಡೊಡನೆ ಅಡ್ಡ ನಿಂತ.

“ಕರೂನ ಮೈ ಕೊಯ್ದು ತಂದಿದ್ದು ನಮ್ಮ ಮಕ್ಳಿಗೆ ಬ್ಯಾಡ. ಅಮ್ಮ ಬಂದ್ರೆ ಬರ್ಲಿ, ನಡೀರಿ.”

ಅಮ್ಮ, ಅಂದರೆ ಸಿಡುಬು, ಆಗಲೇ ಪರಶುರಾಂಪುರದ ಕಡೆ ಕಾಣಿಸಿಕೊಂಡಿತ್ತು. ಹಟ್ಟಿಯ ಕೂಸುಗಳಲ್ಲಿ ಒಂದರ ತೋಳಿನಲ್ಲೂ ದಾಕಿನ ಗುರುತಿಲ್ಲ. ನಾನು ಜಂಬುಲಿಂಗಪ್ಪನವರ ಅಂಗಡಿಗೆ ಓಡೋಡಿ ಬಂದು, “ಕರುವಿಗೆ ಏನೂ ಆಗುವುದಿಲ್ಲವೆಂದು ಈಗಲೇ ಬರೆಯಿರಿ,” ಎಂದೆ.

“ಸ್ವಾಮಿ, ಕಂಡೋರ್ಯಾರು?”

ನನಗೆ ರೇಗಿತು. ಪ್ರಕಟಣೆಯಲ್ಲಿದೆ, ವೈದ್ಯಗ್ರಂಥದಲ್ಲಿದೆ ಎಂದು ಕೂಗಾಡಿದೆ. ಅವರು ಶಾಂತವಾಗಿ, “ಕಾಟಪ್ಪ ಕಾಗದಾನ ಕೇಳ್ಲಿಲ್ಲ, ಕರೂನ ಕೇಳ್ದ,” ಎಂದು ಕೋಟಿಗೆ ಕೈ ಹಾಕಿದರು.

ಮಾರನೆಯ ದಿನ ಹಟ್ಟಿಗೆ ಹೋಗಿ, ಬೆಂಗಳೂರಿನಲ್ಲಿ ದಾಕು ತಯಾರಿಸುವ ಜಾಗವನ್ನು ನಿನ್ನ ಕಣ್ಣಿಂದಲೇ ನೋಡು ಬಾ ಎಂದು ಕಾಟಪ್ಪನನ್ನು ಕರೆದರು. ಆತ ತಮ್ಮನಿಗೆ ದನ ಒಪ್ಪಿಸಿ, ಪರಸ್ಥಳದ ಅನ್ನ ಮುಟ್ಟೆನೆಂದು ಹುರಿಹಿಟ್ಟಿನ ಗಂಟು ಕಟ್ಟಿಕೊಂಡು ಹೊರಟ. ಸ್ಟೇಷನ್ನಿನವರೆಗೆ ಗಾಡಿ, ಅಲ್ಲಿಂದ ರೈಲು. ಅವರು ಮರಳುವವರೆಗೆ ನಾನು ಪಟ್ಟ ಯಾತನೆ ಶತ್ರುವಿಗೂ ಬೇಡ. ಪರಶುರಾಂಪುರದ ಕಡೆಯಿಂದ ಯಾರು ಬಂದರೂ ಹಿಡಿದು ನಿಲ್ಲಿಸಿ, ಅಮ್ಮ ಎಲ್ಲಿಯವರೆಗೆ ಬಂದಳೆಂದು ಕೇಳುತ್ತಿದ್ದೆ.

ಮರಳಿದ ಜಂಬುಲಿಂಗಪ್ಪನವರು ಕಾಟಪ್ಪನ ಮಾತನ್ನು ಆತ ಆಡಿದ ಹಾಗೆಯೇ ಬರೆದಿದ್ದರು. ಕಾಗದ ಇಸಿದುಕೊಂಡು ಓದಿದೆ. ‘ಕರೂನ ಕಾಲು ಕಟ್ಟಿ ಹಲಗೆ ಮೇಲೆ ಮಲಗಿಸ್ತಾರೆ. ಅದು ಅಂಬಾ ಅಂತ ಕೂಗ್ತದೆ. ನಂಗೆ ನೋಡಾಕಾಗ್ಲಿಲ್ಲ, ಮಖ ತಿರುಗಿಸಿದೆ. ಹೊಟ್ಟೆ ಕೆಳಗೆ ಗೀರಿ ರಸ ತಗೀತಾರೆ. ಬಿಟ್ಟ ಮ್ಯಾಲೆ ಎದ್ದು ಮೇಯ್ತದೆ. ಗಾಯ ಮಾಯ್ದಿದ್ದ ಕರೂಗೆ ನಾನೇ ಹುಲ್ಲು ಕೊಟ್ಟೆ, ತಿಂತು.’

“ಆ ಕೂಗಿದ್ದನ್ನು ಬಿಟ್ಟುಬಿಡಿ ಮಾರಾಯರೇ!” ಎಂದು ಅಂಗಲಾಚಿದೆ. ಜಂಬುಲಿಂಗಪ್ಪನವರು, “ಕೂಗಿದ್ದು ಬಿಟ್ರೆ ಮೇಯ್ದಿದ್ದನ್ನ ಯಾರು ನಂಬ್ತಾರ್ರಿ?” ಎಂದರು.

ಅಚ್ಚಾಗುವವರೆಗೂ ಕಾಯದೆ ಆ ಬರಹವನ್ನು ಸಂತೆಯಲ್ಲಿ ಓದಿದರು. ಕಾಟಪ್ಪ ಪಕ್ಕದಲ್ಲೇ ನಿಂತಿದ್ದ. ಕರು ಕೂಗಿದ ಭಾಗ ಬಂದಾಗ ಮುಂದಿದ್ದ ಹೆಂಗಸರು ಕೂಸುಗಳನ್ನು ಸೆರಗಿನೊಳಗೆ ಎಳೆದುಕೊಂಡರು. ನನ್ನ ನೌಕರಿ, ಹಟ್ಟಿಯ ಕೂಸುಗಳು, ಎಲ್ಲ ಮುಳುಗಿದವೆಂದು ನಾನು ಕಣ್ಣು ಮುಚ್ಚಿದೆ. ಹುಲ್ಲು ತಿಂದ ಭಾಗ ಬಂದಾಗ ಯಾರೋ ಕಾಟಪ್ಪನನ್ನು ಕೇಳಿದರು, “ದಿಟವೇನಣ್ಣ?” ಆತ ತಲೆಯಾಡಿಸಿದ. “ಕಾಟಪ್ಪ ಚೂಸಿನಾಡಂಟ,” ಎಂದು ತೆಲುಗಿನವರ ಗುಂಪಿನಲ್ಲಿ ಮಾತು ಹಬ್ಬಿತು; ಕಾಟಪ್ಪ ಕಣ್ಣಾರೆ ಕಂಡನಂತೆ.

ಮರುದಿನ ನಾವಿಬ್ಬರೂ ಹಟ್ಟಿಗೆ ಹೋದೆವು. ಕಾಟಪ್ಪನ ಸೊಸೆ ರಂಗಕ್ಕ ಕೂಸನ್ನು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಬಂದಳು.

“ನೋಯ್ತತೇನ್ರಿ?”

ಇರುವೆ ಕಚ್ಚಿದಷ್ಟೇ ಎಂಬ ಮಾತು ರೂಢಿಯಂತೆ ನನ್ನ ನಾಲಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಜಂಬುಲಿಂಗಪ್ಪನವರು ನಿಂತಿದ್ದರು.

“ನೋಯುತ್ತೆ ತಾಯಿ. ಅಳುತ್ತೆ. ಜ್ವರವೂ ಬರುತ್ತೆ. ಆಮೇಲೆ ಎದ್ದು ಆಡುತ್ತೆ.”

ರಂಗಕ್ಕ ಕೂಸಿನ ತೋಳನ್ನು ನನ್ನ ಮುಂದೆ ಹಿಡಿದಳು.

ಆ ವರ್ಷ ಸಿಡುಬು ಕಾವಲಿನ ಸುತ್ತಲ ಊರುಗಳನ್ನು ಹೊಕ್ಕು ಹೊರಟಿತು. ಆ ಹಟ್ಟಿಯ ಒಂದು ಕೂಸನ್ನೂ ಮುಟ್ಟಲಿಲ್ಲ. ಲೋಕಕ್ಕೆ ಒಳ್ಳೆಯದನ್ನು ಹೇಳಹೊರಟವರಲ್ಲಿ ಬಹುಪಾಲು ಜನ, ನಾನೂ ಸೇರಿ, ಕೇಳುವವರು ಹೆದರಿಯಾರೆಂದು ಅರ್ಧ ಮಾತನ್ನು ನುಂಗುತ್ತೇವೆ. ಅದನ್ನು ದಯೆಯೆಂದೂ ಕರೆದುಕೊಳ್ಳುತ್ತೇವೆ. ಜಂಬುಲಿಂಗಪ್ಪನವರಂಥವರು ನುಂಗುವುದಿಲ್ಲ. ಜನರ ಧೈರ್ಯದ ಮೇಲೆ ಅವರಿಗಿರುವಷ್ಟು ನಂಬಿಕೆ ನಮಗಿಲ್ಲ. ತಾಯಂದಿರು ಕೂಸುಗಳ ತೋಳನ್ನು ಮುಂದೆ ಹಿಡಿಯುವುದು ಆ ನಂಬಿಕೆಗೆ.